ಮರದ ನೆಲಕ್ಕೆ ಕಾರ್ಪೆಟ್ ಟೈಲ್: ಯಾವ ನೆಲಕ್ಕೆ ಯಾವ ಅಂಟು?

ಕಾರ್ಪೆಟ್ ಟೈಲ್ ತಂದವರು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ಕೇಳುವುದು "ಗಟ್ಟಿ ಹಿಡಿಯುವ ಗಮ್ ಯಾವುದಿದೆ?" ಎಂದು. ದುಡ್ಡು ದಂಡವಾಗುವುದು ಅಲ್ಲಿಂದಲೇ ಶುರು. 50 ಸೆಂ.ಮೀ. ಚೌಕದ, ಪಿವಿಸಿ ಬೆನ್ನಿನ ಒಂದು ಟೈಲ್ ಸುಮಾರು ಒಂದು ಕಿಲೋ ತೂಗುತ್ತದೆ. ಸಮತಟ್ಟಾದ ನೆಲದ ಮೇಲೆ ತನ್ನ ಭಾರಕ್ಕೆ ತಾನೇ ಕೂರುವ ವಸ್ತು ಅದು. ಕಾಲಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯುತ್ತದೆ, ಸರಿದಲ್ಲಿ ಸಂದು ಬಿಡುತ್ತದೆ. ಆ ಸರಿಯುವಿಕೆಯನ್ನು ನಿಲ್ಲಿಸುವಷ್ಟು ಹಿಡಿತವಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಹಿಡಿದರೆ ಉತ್ತರ ಕನ್ನಡದ ಮರದ ನೆಲದಲ್ಲಿ ಅದು ಲಾಭವಲ್ಲ, ಕೇಡು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುವುದಾದರೆ: ಕಾರವಾರದ ಫ್ಲ್ಯಾಟಿನ ಲ್ಯಾಮಿನೇಟ್ ನೆಲಕ್ಕೂ ಬಾಡಿಗೆ ಮನೆಗೂ ಟೈಲಿಗೆ ಟೈಲ್ ಹಿಡಿಸುವ ಮೂಲೆ ಸ್ಟಿಕ್ಕರ್. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಮನೆಯ ಮೆತ್ತಿಗೆ, ಅಂದರೆ ಹಲಗೆ ಹಾಸಿದ ಮಹಡಿಗೆ, ಪ್ಲೈವುಡ್ ಹಾಸಿ ಅದರ ಮೇಲೆ ಟ್ಯಾಕಿಫೈಯರ್ ಎಂಬ, ಒಣಗಿದರೂ ಜಿಗುಟು ಉಳಿಯುವ ಅಂಟು. ರಬ್ಬರ್ ಸೊಲ್ಯೂಶನ್ ಬೇಡ. ಬಿಳಿ ಫೆವಿಕಾಲ್ ಅಂತೂ ಬೇಡವೇ ಬೇಡ. ಏಕೆ ಎನ್ನುವುದು ಮುಂದಿದೆ.

ಮಳೆಗಾಲದ ಹಲಗೆ, ಬೇಸಿಗೆಯ ಹಲಗೆ

ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಘಟ್ಟದ ಮೇಲೂ ಆಷಾಢದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಬಟ್ಟೆಗಾದ ಗತಿಯೇ ಹಲಗೆಗೂ. ಗಾಳಿಯ ತೇವಾಂಶ ಶೇ 65 ಇದ್ದಾಗ ಮರದೊಳಗಿನ ತೇವ ಶೇ 12ರ ಹತ್ತಿರ ನಿಲ್ಲುತ್ತದೆ. ಗಾಳಿ ಶೇ 85–90ಕ್ಕೆ ಏರಿ ವಾರಗಟ್ಟಲೆ ಹಾಗೇ ಇದ್ದರೆ ಮರವೂ ನಿಧಾನಕ್ಕೆ ಶೇ 18–20ರ ಕಡೆಗೆ ಹೋಗುತ್ತದೆ. ಆರಿಂಚು ಅಗಲದ ಹಲಗೆ ಇಷ್ಟಕ್ಕೇ ಒಂದೂವರೆ, ಎರಡು ಮಿಲಿಮೀಟರ್ ಹಿಗ್ಗುತ್ತದೆ. ಸಾಗುವಾನಿ ಕಡಿಮೆ, ಮತ್ತಿಯಂಥ ಮರ ಸ್ವಲ್ಪ ಹೆಚ್ಚು. ಶಿವರಾತ್ರಿ ಹೊತ್ತಿಗೆ ನಾಣ್ಯ ತೂರುವ ಸಂದು ಶ್ರಾವಣದಲ್ಲಿ ಮುಚ್ಚಿಕೊಳ್ಳುವುದು ಇದೇ ಕಾರಣಕ್ಕೆ.

ಒಂದು ಟೈಲ್ ಇಂಥ ಮೂರ್ನಾಲ್ಕು ಹಲಗೆಗಳ ಮೇಲೆ ಕೂತಿರುತ್ತದೆ. ಅಂಟು ಕಲ್ಲಿನಂತೆ ಗಟ್ಟಿಯಾದರೆ ಕೆಳಗೆ ಹಲಗೆಗಳು ಎಳೆದಾಡುವಾಗ ಒಂದೋ ಅಂಟು ಬಿರಿಯಬೇಕು, ಇಲ್ಲವೇ ಟೈಲಿನ ಅಂಚು ಏಳಬೇಕು. ಅಂಟು ಮೆತ್ತಗೆ ಉಳಿದರೆ ಎಳೆತವನ್ನು ತಾನೇ ತಿಂದುಕೊಳ್ಳುತ್ತದೆ. ಇನ್ನೊಂದು ಮಾತು: ಪಿವಿಸಿ ಬೆನ್ನು ನೀರಾವಿಯನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಕೆಳಗಿನಿಂದ ಬಂದ ತೇವ ಅಲ್ಲೇ ಸಿಕ್ಕಿಬೀಳುತ್ತದೆ. ಮೆತ್ತಿನ ಹಲಗೆಗೆ ಕೆಳಗೊಂದು ಕೋಣೆ, ಅಲ್ಲಿ ಗಾಳಿ ಇರುವುದರಿಂದ ಇದು ನಡೆಯುತ್ತದೆ. ನೆಲಮಹಡಿಯಲ್ಲಿ ಮಣ್ಣಿನ ಮೇಲೆ ತೊಲೆ ಇಟ್ಟು ಹಲಗೆ ಹೊಡೆದಿದ್ದರೆ, ಕೆಳಗೆ ಗಾಳಿ ಓಡಾಡುವ ಕಿಂಡಿ ಇಲ್ಲದಿದ್ದರೆ, ಅಂಟಿನ ಮಾತೇ ಬೇಡ. ಅಲ್ಲಿ ಕಾರ್ಪೆಟ್ ಟೈಲನ್ನೇ ಹಾಕಬಾರದು.

ಟ್ಯಾಕಿಫೈಯರ್

ಹೆಸರು ಹೊಸದು, ವಸ್ತು ಸರಳ. ನೀರಿನಲ್ಲಿ ಬೆರೆತ ಅಕ್ರಿಲಿಕ್ ಅಂಟು. ಹಚ್ಚುವಾಗ ಹಾಲಿನಂತೆ ಬೆಳ್ಳಗೆ, ಒಣಗಿದ ಮೇಲೆ ಪಾರದರ್ಶಕ. ಒಣಗಿದರೂ ಜಿಗುಟು ಹೋಗುವುದಿಲ್ಲ, ಟೇಪಿನ ಹಿಂಬದಿಯ ಹಾಗೆ. ಟೈಲ್ ಒತ್ತಿದರೆ ಕೂರುತ್ತದೆ, ಮೂಲೆ ಹಿಡಿದು ಮೇಲಕ್ಕೆ ಎಳೆದರೆ ಬರುತ್ತದೆ, ಮತ್ತೆ ಇಟ್ಟರೆ ಮತ್ತೆ ಹಿಡಿಯುತ್ತದೆ. ಚಹಾ ಚೆಲ್ಲಿದ ಟೈಲ್ ಎತ್ತಿ ತೊಳೆದು ವಾಪಸ್ ಹಾಕಬಹುದು. ಜಾರದಂತೆ ಹಿಡಿ, ಬೇಕಾದಾಗ ಬಿಡು ಎಂಬುದನ್ನು ಇಷ್ಟು ಚೆನ್ನಾಗಿ ಮಾಡುವ ಅಂಟು ಬೇರೆ ಇಲ್ಲ.

ಹಚ್ಚುವುದಕ್ಕೆ ಫೋಮ್ ರೋಲರ್ ಸಾಕು, ಹಲ್ಲಿನ ಕರಣೆ ಬೇಡ. ಪಾಲಿಶ್ ಅಥವಾ ಪ್ರೈಮರ್ ಆದ ನೆಲಕ್ಕೆ ಚದರ ಮೀಟರಿಗೆ 100ರಿಂದ 150 ಗ್ರಾಂ. ಕಚ್ಚಾ ಪ್ಲೈ ಮೊದಲ ಕೈಯನ್ನು ಪೂರ್ತಿ ಹೀರಿಬಿಡುತ್ತದೆ, ಒಣಗಿದ ಮೇಲೆ ಮುಟ್ಟಿದರೆ ಜಿಗುಟೇ ಇರುವುದಿಲ್ಲ. ಎರಡನೇ ಕೈ ಬೇಕಾಗುತ್ತದೆ, ಒಟ್ಟು 200 ಗ್ರಾಂ ಮುಟ್ಟುತ್ತದೆ. ದಪ್ಪ ಬಳಿದರೆ ಹೆಚ್ಚು ಹಿಡಿಯುತ್ತದೆ ಎಂಬುದು ಭ್ರಮೆ. ದಪ್ಪ ಪದರದ ಮೇಲ್ಮೈ ಮಾತ್ರ ಒಣಗಿ ಒಳಗೆ ಹಾಲು ಹಾಲಾಗಿಯೇ ಉಳಿಯುತ್ತದೆ.

ಇಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಕಾಯುವ ಹೊತ್ತಿನಲ್ಲಿ. ಡಬ್ಬದ ಮೇಲೆ 30ರಿಂದ 60 ನಿಮಿಷ ಎಂದಿರುತ್ತದೆ. ಅದು ಒಣಹವೆಯ ಲೆಕ್ಕ. ಜುಲೈನಲ್ಲಿ ಕಾರವಾರದ ಗಾಳಿಯಲ್ಲಿ ಮೂರು ತಾಸಾದರೂ ಬಿಳಿ ಹೋಗದಿರಬಹುದು. ಗಡಿಯಾರ ಬಿಡಿ, ಬಣ್ಣ ನೋಡಿ. ನೆಲಕ್ಕೆ ಓರೆಯಾಗಿ ಟಾರ್ಚ್ ಹಿಡಿದರೆ ಎಲ್ಲೂ ಬಿಳಿ ಮಸುಕು ಕಾಣಬಾರದು. ಬೆರಳಿಟ್ಟರೆ ಚರ್ಮ ಹಿಡಿದೆಳೆದಂತೆ ಆಗಬೇಕು, ಬೆರಳಿಗೆ ಮಾತ್ರ ಏನೂ ಬರಬಾರದು. ಬಿಳಿ ಇರುವಾಗಲೇ ಟೈಲ್ ಇಟ್ಟರೆ ನೀರು ಮೇಲೆ ಹೋಗಲು ಪಿವಿಸಿ ಬಿಡುವುದಿಲ್ಲ, ಕೆಳಗೆ ಮರ ಕುಡಿಯುತ್ತದೆ. ಹಲಗೆ ಉಬ್ಬುತ್ತದೆ, ತಿಂಗಳೊಳಗೆ ಹುಳಿ ವಾಸನೆ. ಅದಕ್ಕಿಂತ ಕೆಟ್ಟದ್ದು, ಹಸಿಯಲ್ಲಿ ಇಟ್ಟ ಟೈಲ್ ಬೆನ್ನಿಗೆ ಅಂಟು ಪೂರಾ ಮೆತ್ತಿಕೊಂಡು ಖಾಯಂ ಹಿಡಿದುಬಿಡುತ್ತದೆ. ಎತ್ತಲು ಹೋದರೆ ಬೆನ್ನು ನೆಲದಲ್ಲಿ, ಕಾರ್ಪೆಟ್ ಕೈಯಲ್ಲಿ.

ಬರಿ ಹಲಗೆಯ ಮೇಲೆ ನೇರ ರೋಲರ್ ಓಡಿಸಬೇಡಿ. ಸಂದಿನಲ್ಲಿ ಹಾಲು ಇಳಿದು ಕೆಳಗಿನ ಜಗುಲಿಯ ನೆಲಕ್ಕೋ ಮಲಗಿದವರ ಹಾಸಿಗೆಗೋ ಬೀಳುತ್ತದೆ.

ಟ್ಯಾಕಿಫೈಯರ್ ನಮ್ಮ ಊರುಗಳ ಅಂಗಡಿಯಲ್ಲಿ ಸಾಮಾನ್ಯವಾಗಿ ಕಪಾಟಿನ ಮೇಲಿರುವ ಮಾಲಲ್ಲ. ಕಾರವಾರದವರಿಗೆ ಮಡಗಾಂವ್, ಸಿರ್ಸಿಯವರಿಗೆ ಹುಬ್ಬಳ್ಳಿ ಹತ್ತಿರ. ಟೈಲ್ ಖರೀದಿಸುವ ಕಡೆಯೇ ಅಂಟನ್ನೂ ಹೇಳಿ ತರಿಸುವುದು ವಾಸಿ. ಊರಿಗೆ ಬಂದ ಮೇಲೆ "ಇದೂ ಅದೇ ನಮೂನೆ" ಎಂದು ಕೊಡುವ ಡಬ್ಬಕ್ಕೆ ಮರುಳಾಗುವುದು ತಪ್ಪುತ್ತದೆ.

ಮೂಲೆ ಸ್ಟಿಕ್ಕರ್

ಅಂಗೈ ಅಗಲದ ಪ್ಲಾಸ್ಟಿಕ್ ಚೌಕ, ಒಂದೇ ಮುಖಕ್ಕೆ ಅಂಟು. ನಾಲ್ಕು ಟೈಲ್ ಕೂಡುವ ಮೂಲೆಯ ಕೆಳಗೆ ಅಂಟಿನ ಮುಖ ಮೇಲೆ ಮಾಡಿ ಇಡುತ್ತಾರೆ. ಟೈಲಿಗೆ ಟೈಲ್ ಹಿಡಿದುಕೊಳ್ಳುತ್ತದೆ, ನೆಲಕ್ಕೆ ಏನೂ ಅಂಟುವುದಿಲ್ಲ. ಇಡೀ ಕೋಣೆಯ ಹಾಸು ಒಂದೇ ಚಾಪೆಯಂತೆ ನೆಲದ ಮೇಲೆ ತೇಲಿಕೊಂಡಿರುತ್ತದೆ. ಕೆಳಗೆ ಹಲಗೆ ಹಿಗ್ಗಲಿ, ಕುಗ್ಗಲಿ, ಮೇಲಿನವರಿಗೆ ಸಂಬಂಧವಿಲ್ಲ.

ಲ್ಯಾಮಿನೇಟ್ ನೆಲಕ್ಕೆ ಇದನ್ನು ಬಿಟ್ಟು ಬೇರೆ ಯೋಚನೆ ಬೇಡ. ಲ್ಯಾಮಿನೇಟ್ ಪಟ್ಟಿಯ ಹೊಟ್ಟೆಯಲ್ಲಿರುವುದು ಒತ್ತಿದ ಮರದ ನಾರು. ಅಂಟಿನ ನೀರು ಜೋಡಣೆಯ ಸಂದಿನಲ್ಲಿ ಇಳಿದರೆ ಅಂಚು ಉಬ್ಬಿ ನಿಲ್ಲುತ್ತದೆ, ಒಣಗಿದರೂ ಇಳಿಯುವುದಿಲ್ಲ. ಆಮೇಲೆ ಮನೆ ಮಾಲೀಕರು ಡಿಪಾಸಿಟ್ ಹಿಡಿದುಕೊಂಡರೆ ತಪ್ಪು ಹೇಳುವಂತಿಲ್ಲ.

ಹಳೆಮನೆಗೂ ಇದರಿಂದ ಒಂದು ಉಪಕಾರವಿದೆ. ಕರಾವಳಿ ಕಡೆ ತೊಲೆ, ಹಲಗೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಹಳೆಯದು. ಆ ಎಣ್ಣೆಯ ಮೇಲೆ ನೀರಿನ ಅಂಟು ನಿಲ್ಲುವುದಿಲ್ಲ. ನಾಲ್ಕು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತರೆ ಅಲ್ಲಿ ಟ್ಯಾಕಿಫೈಯರ್ ಕೂಡ ಹಾಗೇ ಗುಂಡಗಾಗುತ್ತದೆ. ಸ್ಟಿಕ್ಕರಿಗೆ ನೆಲ ಎಂಥದ್ದಾದರೇನು.

ಕೊರತೆ ಎಲ್ಲಿ? ಹಲಗೆ ದೋಣಿಯಂತೆ ಬಾಗಿದ್ದರೆ, ಒಂದರ ಅಂಚು ಇನ್ನೊಂದಕ್ಕಿಂತ ಎರಡು ಮಿಲಿಮೀಟರ್ ಮೇಲಿದ್ದರೆ, ತೇಲುವ ಟೈಲ್ ಅಲ್ಲಿ ಲಪಲಪ ಅನ್ನುತ್ತದೆ. ಕುರ್ಚಿಗೆ ಚಕ್ರವಿರುವ ಕಚೇರಿಯಲ್ಲಿ ಗೋಡೆಯಂಚಿನ ಸಣ್ಣ ತುಂಡುಗಳು ಕಿತ್ತು ಬರುತ್ತವೆ. ಟೈಲಿನ ಬೆನ್ನಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸದೆ ಇಟ್ಟರೆ ಸ್ಟಿಕ್ಕರ್ ಹಿಡಿಯುವುದು ಧೂಳನ್ನು, ಟೈಲನ್ನಲ್ಲ.

ಡಬಲ್ ಸೈಡ್ ಟೇಪ್

ಎರಡು ಮೂರು ದಿನದ ಕಾರ್ಯಕ್ರಮ, ಮಳಿಗೆಯ ಪ್ರದರ್ಶನ ಇಂಥದ್ದಕ್ಕೆ ಸರಿ. ಬಟ್ಟೆಯ ನೂಲಿರುವ ಎರಡಿಂಚಿನ ಟೇಪ್ ತನ್ನಿ, ಫೋಮ್ ಟೇಪ್ ದಪ್ಪಕ್ಕೆ ಟೈಲ್ ಮೇಲೇಳುತ್ತದೆ. ವರ್ಷಗಟ್ಟಲೆ ಇಡುವ ನೆಲಕ್ಕೆ ಇದು ಹೇಳಿದ್ದಲ್ಲ. ಏಪ್ರಿಲ್–ಮೇ ಸೆಕೆಗೆ ಅಂಟು ಕರಗಿ ಸಂದಿನಿಂದ ಹೊರಬರುತ್ತದೆ, ಅದಕ್ಕೆ ಕೊಳೆ ಮೆತ್ತಿ ಪ್ರತಿ ಟೈಲಿನ ಸುತ್ತ ಕಂದು ಗೆರೆ ಮೂಡುತ್ತದೆ. ಕೀಳುವಾಗ ಬಟ್ಟೆ ಬರುತ್ತದೆ, ಗೋಂದು ಹಲಗೆಯಲ್ಲೇ ಉಳಿಯುತ್ತದೆ. ಹೇರ್ ಡ್ರೈಯರಿನ ಬಿಸಿ ಹಿಡಿದು ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ನಿಧಾನಕ್ಕೆ ಕೆರೆಯಬೇಕು. ಉಳಿದ ಕಲೆಗೆ ಟರ್ಪೆಂಟೈನ್ ಮುಟ್ಟಿಸಿದರೆ ಗೋಂದಿನ ಜೊತೆ ಹಳೆಯ ಪಾಲಿಶ್ ಕೂಡ ಎದ್ದು ಬರುವುದುಂಟು. ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ರಬ್ಬರ್ ಸೊಲ್ಯೂಶನ್

ಸನ್‌ಮೈಕಾ ಅಂಟಿಸಲು ಆಚಾರಿಗಳು ಬಳಸುವ ಹಳದಿ ಅಂಟು, ಫೆವಿಕಾಲ್ ಎಸ್‌ಆರ್ 998 ಜಾತಿಯದು. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆಚಾರಿಯ ಕೈಗೂ ಪಳಗಿದೆ, ಅದಕ್ಕೇ ಎಲ್ಲರೂ ಇದನ್ನೇ ಹೇಳುತ್ತಾರೆ. ಸನ್‌ಮೈಕಾಕ್ಕೆ ಒಳ್ಳೆಯದೇ. ಕಾರ್ಪೆಟ್ ಟೈಲಿಗೆ ಮೂರು ಕಾರಣಕ್ಕೆ ಆಗುವುದಿಲ್ಲ.

ಪಿವಿಸಿಯನ್ನು ಮೆತ್ತಗಿಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಅದು ನಿಧಾನಕ್ಕೆ ರಬ್ಬರ್ ಅಂಟಿನೊಳಗೆ ಇಳಿಯುತ್ತದೆ. ಮೊದಲ ತಿಂಗಳು ಕಬ್ಬಿಣದಂತಿದ್ದ ಹಿಡಿತ ವರ್ಷದೊಳಗೆ ಬೆಲ್ಲದ ಪಾಕದಂತಾಗಿ ಟೈಲ್ ಜಾರತೊಡಗುತ್ತದೆ. ಬೆನ್ನು ಡಾಂಬರಿನದಾದರೆ ಅಂಟಿನ ದ್ರಾವಕವೇ ಅದನ್ನು ಕರಗಿಸಿ ಕಪ್ಪು ಕಲೆ ಮೇಲಕ್ಕೆ ತರುತ್ತದೆ.

ಎರಡನೆಯದು ನಮ್ಮ ಹವೆಗೇ ವಿಶೇಷ. ಈ ಅಂಟನ್ನು ಎರಡೂ ಮುಖಕ್ಕೆ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು ಕೂಡಿಸಬೇಕು. ದ್ರಾವಕ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತಂಪು ನೀರಿನ ಲೋಟದ ಹೊರಮೈಯಂತೆ ಅದರ ಮೇಲೆ ಸಣ್ಣ ಬೆವರು ಕೂರುತ್ತದೆ. ನೋಡಲು ಅಂಟಿನ ಮೇಲೆ ಬೂದಿ ಉದುರಿಸಿದಂತೆ ಬಿಳಿಚಿಕೊಂಡಿರುತ್ತದೆ. ಆ ಪದರದ ಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಸನ್‌ಮೈಕಾ ಏಳುವುದೂ ಎಷ್ಟೋ ಸಲ ಇದರಿಂದಲೇ.

ಮೂರನೆಯದು ಬೆಂಕಿ. ಇದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಹತ್ತು ಹನ್ನೆರಡಡಿಯ ಕೋಣೆಗೆ ಎರಡೂ ಮುಖ ಸೇರಿ 22 ಚದರ ಮೀಟರ್ ಹಚ್ಚಬೇಕು, ಅಂದರೆ ಐದು ಲೀಟರ್ ಡಬ್ಬದ ಮಾತು. ಮೆತ್ತಿನಿಂದ ಆವಿ ಹಲಗೆ ಸಂದಿನಲ್ಲಿ ಕೆಳಗಿಳಿದರೆ ಅಲ್ಲಿ ದೇವರ ದೀಪವಿದೆ, ಪಕ್ಕದಲ್ಲಿ ಒಲೆಯಿದೆ.

ಇನ್ನು ಅದೇ ಕಂಪನಿಯ ಬಿಳಿ ಫೆವಿಕಾಲ್ ಎಸ್‌ಎಚ್. ಅದು ಮರಕ್ಕೆ ಮರ ಕೂಡಿಸುವ ಗೋಂದು, ಎರಡು ಕಡೆಯಿಂದಲೂ ನೀರು ಹೀರುವ ಮರ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಪಿವಿಸಿ ಕೆಳಗೆ ದಿನಗಟ್ಟಲೆ ಒದ್ದೆಯಾಗಿದ್ದು, ಒಣಗಿದ ಮೇಲೆ ಗಾಜಿನಂತೆ ಗಡುಸಾಗಿ, ಹಲಗೆ ಅಲುಗಿದ ಕೂಡಲೇ ಟೈಲಿನ ಬೆನ್ನು ಬಿಡುತ್ತದೆ. ಮರಕ್ಕೆ ಹಿಡಿದದ್ದನ್ನು ಮಾತ್ರ ರಂದ ಹೊಡೆದೇ ತೆಗೆಯಬೇಕು.

ಬೆನ್ನು ತಿರುಗಿಸಿ ನೋಡಿ

ಟೈಲಿನ ಹಿಂಬದಿ ನುಣುಪಾಗಿ ಬೂದು ಅಥವಾ ಕಪ್ಪಾಗಿದ್ದು ಬಾಗಿಸಿದರೆ ರಬ್ಬರಿನಂತಿದ್ದರೆ ಪಿವಿಸಿ. ಬಿಸಿಲಿಗಿಟ್ಟಾಗ ರಸ್ತೆ ಡಾಂಬರಿನ ವಾಸನೆ ಬಂದರೆ ಬಿಟುಮೆನ್. ಈ ಎರಡಕ್ಕೂ ಟ್ಯಾಕಿಫೈಯರ್ ಅಥವಾ ಸ್ಟಿಕ್ಕರ್ ಹೊಂದುತ್ತದೆ. ಕಂಬಳಿಯಂತೆ ನಾರು ನಾರಾದ ಫೆಲ್ಟ್ ಬೆನ್ನಿನ ಟೈಲ್ ಅಗ್ಗ, ಆದರೆ ಸ್ಟಿಕ್ಕರ್ ಅದಕ್ಕೆ ಹಿಡಿಯುವುದಿಲ್ಲ, ಟ್ಯಾಕಿಫೈಯರ್ ಅರೆಬರೆ. ಮೇಲಾಗಿ ಫೆಲ್ಟ್ ತೇವವನ್ನು ಬತ್ತಿಯಂತೆ ಎಳೆದಿಟ್ಟುಕೊಳ್ಳುತ್ತದೆ. ಕರಾವಳಿಯಲ್ಲಿ ಬೇಡ.

ನೆಲ ತಯಾರಿ

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಪಿನ್ ಇರುವ ಮಾಯಿಶ್ಚರ್ ಮೀಟರ್ ಸಿಕ್ಕರೆ ಹಲಗೆಯ ನಾಲ್ಕಾರು ಕಡೆ ಚುಚ್ಚಿ ನೋಡಿ. ಶೇ 14ರ ಒಳಗಿದ್ದರೆ ಮುಂದುವರಿಯಿರಿ, 16 ದಾಟಿದ್ದರೆ ಕಾಯಿರಿ. ಮೀಟರ್ ಇಲ್ಲದಿದ್ದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹೊಡೆದು ಎರಡು ದಿನ ಬಿಡಿ. ಒಳಗೆ ಬೆವರಿದ್ದರೆ, ಹಲಗೆ ಕಪ್ಪಿಟ್ಟಿದ್ದರೆ ನೆಲ ಇನ್ನೂ ತಯಾರಿಲ್ಲ.

ಹಲಗೆ ಸಂದು ಮೂರು ಮಿಲಿಮೀಟರ್ ಮೀರಿದ್ದರೆ ಆ ಗೆರೆ ಆರು ತಿಂಗಳಲ್ಲಿ ಕಾರ್ಪೆಟ್ ಮೇಲೆ ಮೂಡುತ್ತದೆ. ಆಗ 6 ಮಿ.ಮೀ. ಪ್ಲೈ ಹಾಸಲೇಬೇಕು. ಹಾಳೆಯ ಮೇಲೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ತನ್ನಿ. 10×12 ಅಡಿ ಕೋಣೆಗೆ 8×4ರ ನಾಲ್ಕು ಹಾಳೆ ಸರಿಯಾಗಿ ಸಾಕು: ಮೂರು ಪೂರ್ತಿ, ನಾಲ್ಕನೆಯದನ್ನು ಉದ್ದಕ್ಕೆ ಸೀಳಿ ಎರಡಡಿ ಪಟ್ಟಿಗೆ. ಹಾಳೆಗಳ ನಡುವೆ 2 ಮಿ.ಮೀ., ಗೋಡೆಯ ಬಳಿ 8ರಿಂದ 10 ಮಿ.ಮೀ. ಬಿಡಿ. ಅಂಚಿನಲ್ಲಿ 15 ಸೆಂ.ಮೀ.ಗೊಂದು, ನಡುವೆ 20 ಸೆಂ.ಮೀ.ಗೊಂದು ಸ್ಕ್ರೂ, ಅಂದರೆ ಹಾಳೆಗೆ ನೂರರ ಹತ್ತಿರ. ಮೊಳೆ ಬೇಡ, ವರ್ಷ ಕಳೆಯುವುದರೊಳಗೆ ಎದ್ದು ಕಿರುಗುಟ್ಟುತ್ತದೆ. ಸ್ಕ್ರೂ ಉದ್ದ 25 ಮಿ.ಮೀ. ಮೀರದಿರಲಿ. ಮೆತ್ತಿನ ಹಲಗೆಯೇ ಕೆಳಗಿನ ಕೋಣೆಯ ಮುಚ್ಚಿಗೆಯಾದ್ದರಿಂದ ಉದ್ದದ ಸ್ಕ್ರೂವಿನ ಮೊನೆ ಕೆಳಗಿನವರ ತಲೆಯ ಮೇಲೆ ಇಣುಕುತ್ತದೆ.

ಎಣ್ಣೆ ಬಳಿದ ಹಲಗೆಯನ್ನು ಮರಳು ಕಾಗದದಲ್ಲಿ ಉಜ್ಜುವುದಾದರೆ ಮಾಸ್ಕ್, ಕೈಗವಸು ಮರೆಯಬೇಡಿ. ಗೇರೆಣ್ಣೆ ಚರ್ಮ ಸುಡುವ ಜಾತಿ.

ಒಂದು ಕೋಣೆಯ ಲೆಕ್ಕ

ಅದೇ 10×12 ಅಡಿ ಎಂದರೆ 305×366 ಸೆಂ.ಮೀ., 11.16 ಚದರ ಮೀಟರ್. ಕ್ಯಾಲ್ಕುಲೇಟರ್ 45 ಟೈಲ್ ಎನ್ನುತ್ತದೆ. ಹಾಗೆ ತಂದು ಒಂದು ಗೋಡೆಯಿಂದ ಶುರು ಮಾಡಿದರೆ 305ರ ಕಡೆ ಆರು ಟೈಲ್ ಕೂತು 5 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅಷ್ಟು ಸಣ್ಣ ಪಟ್ಟಿಯನ್ನು ಯಾವ ಅಂಟೂ ಹಿಡಿದಿಡುವುದಿಲ್ಲ. ಕಸಬರಿಗೆ ತಾಗಿದರೆ ಸಾಕು, ಎದ್ದು ಬರುತ್ತದೆ. ಆದ್ದರಿಂದ ಕೋಣೆಯ ನಡುವಿಗೆ ಬಣ್ಣದ ದಾರ ಹೊಡೆದು ಶುರು ಮಾಡಿ: ಆ ಕಡೆ ಐದು ಪೂರ್ತಿ, ಎರಡೂ ಗೋಡೆಗೆ 27.5ರ ತುಂಡು. 366ರ ಕಡೆ ಆರು ಪೂರ್ತಿ, ಎರಡು ತುದಿಗೆ 33ರ ತುಂಡು. ಏಳು ಸಾಲು, ಸಾಲಿಗೆ ಎಂಟು, 56 ಟೈಲ್. ಪೆಟ್ಟಿಗೆಗೆ 20 ಇದ್ದರೆ ಮೂರು ಪೆಟ್ಟಿಗೆ, ನಾಲ್ಕು ಮಿಕ್ಕುತ್ತದೆ. ಅವನ್ನು ಅಟ್ಟದಲ್ಲಿ ಮಲಗಿಸಿ ಇಡಿ, ನಿಲ್ಲಿಸಿ ಇಟ್ಟರೆ ಬಾಗುತ್ತವೆ.

ಇದಕ್ಕೆ ಟ್ಯಾಕಿಫೈಯರ್ ಪ್ರೈಮರ್ ಆದ ನೆಲದಲ್ಲಿ ಒಂದೂವರೆ ಕಿಲೋ, ಕಚ್ಚಾ ಪ್ಲೈ ಮೇಲೆ ಎರಡೂಕಾಲು. ಸ್ಟಿಕ್ಕರ್ ಆದರೆ ಒಳಮೂಲೆಗೆ 42, ಗೋಡೆ ಸುತ್ತಿನ ಸಂದಿಗೆ 26, ಒಟ್ಟು 68. ಎರಡನ್ನೂ ಬೆರೆಸಿ ನಡುವೆ ಸ್ಟಿಕ್ಕರ್, ಬಾಗಿಲ ಬಳಿಯ ಎರಡು ಸಾಲಿಗೆ ಟ್ಯಾಕಿಫೈಯರ್ ಹಾಕುವುದೂ ಕೆಟ್ಟ ಯೋಚನೆಯಲ್ಲ. ಹೆಚ್ಚು ಎಳೆತ ಬೀಳುವುದು ಅಲ್ಲೇ.

ಹಾಕುವ ಮೊದಲು ಪೆಟ್ಟಿಗೆ ಬಿಚ್ಚಿ ಟೈಲನ್ನು ಅದೇ ಕೋಣೆಯಲ್ಲಿ ಒಂದೆರಡು ದಿನ ಹರಡಿ ಇಡಿ. ಬೆನ್ನಿನ ಬಾಣದ ಗುರುತು ಎಲ್ಲ ಒಂದೇ ಕಡೆ ಇರಲಿ, ಇಲ್ಲವೇ ಒಂದು ಬಿಟ್ಟೊಂದು ಕಾಲುಸುತ್ತು ತಿರುಗಲಿ. ಅರ್ಧ ಹಾಗೆ ಅರ್ಧ ಹೀಗೆ ಆದರೆ ಬಣ್ಣವೇ ಬೇರೆ ಎನ್ನುವಂತೆ ಕಾಣುತ್ತದೆ. ಕೊನೆಗೆ ಒತ್ತಲು ಭಾರದ ರೋಲರ್ ಸಿಗದಿದ್ದರೆ ಲಟ್ಟಣಿಗೆಗೆ ಬಟ್ಟೆ ಸುತ್ತಿ ಮೈಭಾರ ಬಿಟ್ಟು ಉರುಳಿಸಿ.

ಮೆಟ್ಟಿಲ ಮೇಲೆ ಸ್ಟಿಕ್ಕರ್, ಟ್ಯಾಕಿಫೈಯರ್ ಎರಡೂ ಸಲ್ಲ. ಅಲ್ಲಿ ಖಾಯಂ ಹಿಡಿಯುವ ಅಕ್ರಿಲಿಕ್ ಅಂಟು ಹಚ್ಚಿ, ಮೆಟ್ಟಿಲಿನ ಮುಂದಂಚಿಗೆ ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂ ಹೊಡೆದು ಬಿಗಿಯಿರಿ. ಕಾಲಿನ ಭಾರ ಪಟ್ಟಿ ತಡೆಯಬೇಕು, ಅಂಟಲ್ಲ.

ಹಾಸಿದ ಮೇಲೆ ಮೇ ಕೊನೆಗೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಆರೇಳು ಟೈಲ್ ಎತ್ತಿ ನೋಡಿ. ಕಾರ್ಪೆಟ್ ಕೆಳಗೆ ವರಲೆ (ಗೆದ್ದಲು) ಹಿಡಿದರೆ ಹಲಗೆ ಕುಸಿಯುವವರೆಗೂ ತಿಳಿಯುವುದಿಲ್ಲ. ಎತ್ತಿ ನೋಡಲು ಬರುವ ಅಂಟನ್ನೇ ಹಾಕಿ ಎನ್ನುವುದಕ್ಕೆ ಇದೂ ಒಂದು ಕಾರಣ. ಮೊದಲು ಎತ್ತಬೇಕಾದದ್ದು ಮಳೆ ಬಡಿಯುವ ಪಡುವಣ ಗೋಡೆಯ ಸಾಲು, ಆಮೇಲೆ ಕಿಟಕಿಯ ಕೆಳಗಿನದು. ಬೆನ್ನಿನಲ್ಲಿ ಬೂಸ್ಟು ಕಂಡರೆ ಆ ಸಾಲನ್ನಷ್ಟೇ ಬಿಸಿಲಿಗೆ ಒಣಗಿಸಿ, ಹಲಗೆಗೆ ಒಂದು ವಾರ ಫ್ಯಾನ್ ಹಾಕಿ, ಗೋಡೆ ಸೋರುವುದನ್ನು ನಿಲ್ಲಿಸಿದ ಮೇಲೆ ವಾಪಸ್ ಇಡಿ.